ಪಾತಾಳದ ಕಣಜ

ರಾಯರು: ಶಾಸ್ತ್ರಿಗಳೇ, ಪಶ್ಚಿಮ ಸಮುದ್ರಮಾರ್ಗದಲ್ಲಿ ಸಮರವೇ ಸಂಭವಿಸಿದರೂ ನಾವು ಕಿಂಚಿತ್ತೂ ಚಿಂತಿಸಬೇಕಾಗಿಲ್ಲ, ವಿಶಾಖಪಟ್ಟಣ, ಮಂಗಳೂರು ಹಾಗೂ ಉಡುಪಿ ಜಿಲ್ಲೆಯ ಪಾದೂರುಗಳಲ್ಲಿ ಬಂಡೆಯ ಗರ್ಭವನ್ನು ಕೊರೆದು, 53.3 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಗುಹೆಗಳನ್ನು ಸರಕಾರವು ನಿರ್ಮಿಸಿದೆಯಷ್ಟೆ!

ಶಾಸ್ತ್ರಿಗಳು: ಧನ್ಯರಾದೆವು! ಎಷ್ಟು ಸಂವತ್ಸರಗಳಿಗೆ ಸಾಕಾದೀತು?

ರಾಯರು: ಸಂವತ್ಸರವಲ್ಲ, ಪೂರ್ಣ ತುಂಬಿದ್ದಲ್ಲಿ, ಸುಮಾರು 9.5 ದಿವಸ.

ಶಾಸ್ತ್ರಿಗಳು: ಅಂದರೆ, ನವರಾತ್ರಿಯನ್ನು ನಿರ್ವಿಘ್ನವಾಗಿ ನೆರವೇರಿಸಿ, ವಿಜಯದಶಮಿಯ ಮಧ್ಯಾಹ್ನದಲ್ಲಿ ಬನ್ನಿಮರದವರೆಗೆ ನಡೆದೇ ಹೋಗಬೇಕೆಂದಾಯಿತು.

ರಾಯರು: ಕುಚೋದ್ಯ ಸಾಕು. ತೈಲ ಕಂಪನಿಗಳ ದಾಸ್ತಾನನ್ನೂ ಕೂಡಿಸಿದರೆ ಎರಡು ತಿಂಗಳಿಗೂ ಮಿಗಿಲು.

ಶಾಸ್ತ್ರಿಗಳು: ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ತನ್ನ ಸದಸ್ಯರಾಷ್ಟ್ರಗಳಿಗೆ ವಿಧಿಸಿರುವುದು 90 ದಿವಸಗಳ ನಿಯಮವಲ್ಲವೇ?

ರಾಯರು: ನಾವು ಅದರ ಪೂರ್ಣ ಸದಸ್ಯರಲ್ಲ, ಆದ್ದರಿಂದ ದೋಷ ತಟ್ಟುವುದಿಲ್ಲ. ಮೇಲಾಗಿ, ಒಡಿಶಾದ ಚಂಡಿಖೋಲದಲ್ಲೂ ಪಾದೂರಿನಲ್ಲೂ ಮತ್ತೆ 65 ಲಕ್ಷ ಟನ್ನಿನ ಗುಹೆಗಳಿಗೆ 2021ರಲ್ಲಿಯೇ ಅನುಮೋದನೆ ದೊರೆತಿದೆ.

ಶಾಸ್ತ್ರಿಗಳು: ಹಾಗಾದರೆ, ಬೇಕಾದ ಕಚ್ಚಾತೈಲದಲ್ಲಿ ಶೇಕಡಾ 85ಕ್ಕೂ ಹೆಚ್ಚನ್ನು ಪರದೇಶಗಳಿಂದ ತರಿಸುವ ನಾವು, ಕಾದಾಡುವ ಸಮಸ್ತ ರಾಜ್ಯಗಳಿಗೂ ಒಂದು ವಿನಂತಿಪತ್ರವನ್ನು ಬರೆಯುವುದು ಯುಕ್ತ: “ಮಹನೀಯರೇ, ತಮ್ಮ ಯುದ್ಧವನ್ನು ಎರಡು ತಿಂಗಳೊಳಗೆ ಮುಗಿಸತಕ್ಕದ್ದು, ಅದು ಅಸಾಧ್ಯವಾದಲ್ಲಿ, ನಮ್ಮ ಹೊಸ ಗುಹೆಗಳ ಟೆಂಡರು ಪ್ರಕ್ರಿಯೆಯು ಪೂರ್ಣಗೊಳ್ಳುವ ಪರ್ಯಂತ ಆರಂಭಿಸದಿರತಕ್ಕದ್ದು.”