ಶಾಫ್ಟಣ್ಣ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅಡಿಕೆ ಮರ ಇಲ್ಲದ ಮನೆಯಾದರೂ ಸಿಕ್ಕೀತು, ಶಾಫ್ಟಣ್ಣ ಇಲ್ಲದ ಊರು ಸಿಗಲಿಕ್ಕಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇರುತ್ತದೆ. ಅದು ಪಹಣಿಗೆ ಮತ್ತು ಸೊಸೈಟಿ ಪಾಸ್‌ಬುಕ್ಕಿಗೆ ಮೀಸಲು. ಎರಡೆಕರೆ ತೋಟ, ಅದಕ್ಕೊಂದಿಷ್ಟು ಸೊಪ್ಪಿನ ಬೆಟ್ಟ. ಕೊಟ್ಟಿಗೆಯಲ್ಲಿ ದನ ಕಟ್ಟುತ್ತಿದ್ದ ಒಂದು ಬದಿಯಲ್ಲಿ ಈಗ ಮೂರು ಗಾಲಿಯ ಗಾಡಿ ನಿಂತಿದೆ. ಹ್ಯಾಂಡಲ್, ಟ್ಯಾಂಕು, ಸೀಟಿನವರೆಗೆ ಅದು ಹೀರೊ ಹೋಂಡಾ. ಸೀಟಿನಿಂದ ಹಿಂದಕ್ಕೆ ಗುಜರಿಯಿಂದ ತಂದ ಆಟೊ. ನಡುವಿನ ವೆಲ್ಡಿಂಗು ಮಾತ್ರ ಶುದ್ಧ ಸ್ಥಳೀಯ.

ಗಾಡಿ ಹುಟ್ಟಿದ್ದು ಆಳು ಸಿಗದ ಸಂಕಟಕ್ಕೆ. ಗೊಬ್ಬರ ಹೊರಬೇಕು, ಸೊಪ್ಪು ಇಳಿಸಬೇಕು, ಕೊಯ್ದ ಕೊನೆಯನ್ನು ಅಂಗಳಕ್ಕೆ ಮುಟ್ಟಿಸಬೇಕು; ಕರೆದರೆ ಯಾರೂ ಬರುವುದಿಲ್ಲ. "ಸೌರಾಷ್ಟ್ರದಲ್ಲಿ ಬುಲೆಟ್ಟಿಗೆ ಹಿಂದೆ ಎರಡು ಗಾಲಿ ಕೂರಿಸಿ ಛಕಡೊ ಅಂತ ಊರು ತುಂಬ ಓಡಿಸ್ತಾರೆ. ನಮಗೆಂತ ರೋಗ ಮಾರಾಯ?" ಅಂದ ಶಾಫ್ಟಣ್ಣ. ರೋಗ ಇದ್ದದ್ದು ನಮಗಲ್ಲ, ಶಾಫ್ಟಿಗೆ.

ಇಂಥ ಗಾಡಿಯಲ್ಲಿ ಆಟೊದ ಇಂಜಿನ್ ಹಿಂದೆಯೇ ಕೂತಿರುತ್ತದೆ. ಅದರ ಡಿಫರೆನ್ಷಿಯಲ್‌ನಿಂದ ಎಡಗಾಲಿಗೊಂದು, ಬಲಗಾಲಿಗೊಂದು ಗಿಡ್ಡ ಶಾಫ್ಟ್. ಗಾಲಿ ಹೊಂಡಕ್ಕಿಳಿದು ಮೇಲೇಳುವಾಗ ಶಾಫ್ಟೂ ಮಣಿಯಬೇಕಲ್ಲ, ಅದಕ್ಕೆ ತುದಿಗಳಲ್ಲಿ ಜಾಯಿಂಟು. ಜಾಯಿಂಟಿನ ಗ್ರೀಸ್ ಹೊರಗೆ ಹೋಗದಂತೆ, ಹೊರಗಿನ ಕೆಸರು ಒಳಗೆ ಬರದಂತೆ ಮೇಲೊಂದು ರಬ್ಬರ್ ಬೂಟು. ಆಟೊ ಮಾಡಿದವರು ಟಾರು ರಸ್ತೆಯನ್ನು ನೆನೆದು ಮಾಡಿದ ಬೂಟು ಅದು. ಶಾಫ್ಟಣ್ಣನ ತೋಟದಲ್ಲಿ ಅದಕ್ಕೆ ಎದುರಾಗುವುದು ಕಡಿದ ಅಡಿಕೆ ಮರದ ಬುಡ, ಬಸಿಗಾಲುವೆಯ ದಿಂಬದ ಕಲ್ಲು, ಸುತ್ತಿಕೊಂಡರೆ ಬಿಡದ ಹಾಳೆ. ಬೂಟಿನಲ್ಲಿ ಉಗುರಿನಷ್ಟು ಸೀಳು ಬಿದ್ದರೂ ಸಾಕು. ಗಾಲಿ ತಿರುಗಿದ ಹಾಗೆ ಗ್ರೀಸ್ ಹೊರಗೆ ಚಿಮ್ಮುತ್ತದೆ, ನೀರು ಒಳಗೆ ಸೇರುತ್ತದೆ. ಕರಿ ಗ್ರೀಸು ಮಜ್ಜಿಗೆ ಬಣ್ಣಕ್ಕೆ ತಿರುಗಿತೆಂದರೆ ಜಾಯಿಂಟಿನ ಆಯಸ್ಸು ಮುಗಿಯಿತು. ಆಗುಂಬೆಯನ್ನು ಹೊಟ್ಟೆಯಲ್ಲಿಟ್ಟುಕೊಂಡ ತಾಲ್ಲೂಕಿನಲ್ಲಿ ನೀರು ಸೇರದ ಬೂಟು ಯಾವುದಿದೆ?

ಬೂಟು ಹರಿದಾಗ ಶಾಫ್ಟಣ್ಣ ಪೇಟೆಗೆ ಓಡುವುದಿಲ್ಲ. ಹೊಸ ಬೂಟು ಏರಿಸಬೇಕಾದರೆ ಶಾಫ್ಟ್ ಕಳಚಬೇಕು, ಅದಕ್ಕೆ ಗಾಲಿ ಬಿಚ್ಚಬೇಕು, ಗಾಲಿಯ ನಟ್ಟು ಕಳೆದ ಮಳೆಗಾಲದಲ್ಲೇ ತುಕ್ಕು ಹಿಡಿದು ಕೂತಿದೆ. ಆದ್ದರಿಂದ ಹಳೇ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಗ್ರೀಸ್ ತುಂಬಿ, ಬೂಟಿನ ಮೇಲೆ ಬಿಗಿಯಾಗಿ ಸುತ್ತಿ, ಎರಡೂ ಕಡೆ ಬೈಂಡಿಂಗ್ ವಯರಿನಲ್ಲಿ ಮುರಿಗೆ ಹಾಕುತ್ತಾನೆ. ಮುರಿಗೆಯ ತುದಿಯನ್ನು ಒಳಕ್ಕೆ ಮಡಚದಿದ್ದರೆ ಅದೇ ಟ್ಯೂಬನ್ನು ಕೊಯ್ಯುತ್ತದೆ ಎಂದು ನೋಡುತ್ತ ನಿಂತವರಿಗೆಲ್ಲ ಹೇಳುತ್ತಾನೆ. ಹೇಳುವ ಭರದಲ್ಲಿ ಮಡಚುವುದನ್ನು ಮರೆಯುತ್ತಾನೆ. ನಾಲ್ಕು ದಿನಕ್ಕೆ ಮತ್ತೆ ಗಾಡಿಯ ಕೆಳಗೆ.

ಅವನಿರುವಲ್ಲಿ ನೋಡುತ್ತ ನಿಲ್ಲುವುದು ಸುಲಭವಲ್ಲ. ಕೊನೆಗೌಡನಿರಲಿ, ಮದುವೆ ಕರೆಯಲು ಬಂದ ನೆಂಟರಿರಲಿ, ಅಂಗಳಕ್ಕೆ ಕಾಲಿಟ್ಟವರ ಕೈಗೆ ಟಾರ್ಚ್ ಬರುತ್ತದೆ. ಕುಂಕುಮ ಹಚ್ಚಿದ ಕಾಗದ ಜಗಲಿಯ ಮೇಲೆ, ನೆಂಟರು ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ, ಅವರ ಕಾಲಲ್ಲಿ ಉಂಬಳ. "ಸ್ವಲ್ಪ ಎಡಕ್ಕೆ... ಅಲ್ಲ, ನನ್ನ ಎಡ." ಕೆಳಗೆ ಮಲಗಿದವನ ಎಡ ಯಾವುದು ಎಂಬುದು ಈ ಮೂರು ತಾಲ್ಲೂಕಿನಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಒಂದು ಮಾತು ಒಪ್ಪಬೇಕು: ಅವನ ಕಿವಿ ಸುಳ್ಳು ಹೇಳುವುದಿಲ್ಲ. ತಿರುವಿನಲ್ಲಿ ಟಕ್ ಟಕ್ ಎಂದರೆ ಜಾಯಿಂಟು ಸವೆದಿದೆ. ಎಕ್ಸಲರೇಟರ್ ಕೊಟ್ಟ ಕ್ಷಣ ಒಂದೇ ಸಲ ಟಣ್ ಎಂದರೆ ಎಲ್ಲೋ ಪ್ಲೇ ಬಂದಿದೆ. ವೇಗ ಏರಿದಂತೆ ನಡುಗಿದರೆ ಶಾಫ್ಟೇ ಬಾಗಿದೆ. ಫೋನಿನಲ್ಲಿ ಕೇಳಿಸಿದರೂ ಹೇಳುತ್ತಾನೆ. 2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಉದ್ಘಾಟನೆಯಾದ ಮೇಲೆ ಹಿನ್ನೀರು ದಾಟಲು ಲಾಂಚಿನ ಸಮಯ ಕಾಯುವ ಕಷ್ಟ ತಪ್ಪಿ, ತುಮರಿ ಕಡೆಯ ಗಾಡಿಗಳೂ ಅವನ ಅಂಗಳಕ್ಕೆ ಬರತೊಡಗಿವೆ. ದೇಶಕ್ಕೆ ಸೇತುವೆಯಿಂದ ಆದ ಲಾಭಗಳಲ್ಲಿ ಇದನ್ನೂ ಸೇರಿಸಬೇಕೆಂದು ಅವನ ಬೇಡಿಕೆ.

ಅವನ ಪಾಂಡಿತ್ಯ ನಿಜವಾಗಿ ಅರಳುವುದು ಜೀಪು ಕಂಡಾಗ. ಕಟ್ಟಿನಹೊಳೆಯಿಂದ 1343 ಮೀಟರಿನ ಕೊಡಚಾದ್ರಿಗೆ ಹತ್ತುವ ಜೀಪುಗಳ ಉದ್ದನೆಯ ಪ್ರೊಪೆಲ್ಲರ್ ಶಾಫ್ಟಿನ ಎರಡು ತುದಿಗೂ ಒಂದೊಂದು ಕ್ರಾಸ್ ಜಾಯಿಂಟು. ಓರೆಯಾಗಿ ತಿರುಗುವಾಗ ಒಂದು ಕ್ರಾಸ್ ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. ಅದರ ತಪ್ಪನ್ನು ಇನ್ನೊಂದು ತುದಿಯ ಕ್ರಾಸ್ ಸರಿದೂಗಿಸಬೇಕು. ಹಾಗಾಗಬೇಕಾದರೆ ಶಾಫ್ಟಿನ ಎರಡೂ ತುದಿಯ ಯೋಕ್‌ಗಳು ಒಂದೇ ನೇರದಲ್ಲಿರಬೇಕು. ಜೋಡಿಸುವಾಗ ಸ್ಪ್ಲೈನಿನ ಒಂದು ಹಲ್ಲು ಆಚೀಚೆಯಾದರೂ ಜೀಪು ಚಳಿಜ್ವರ ಬಂದಂತೆ ನಡುಗುತ್ತದೆ. ಬಾಣದ ಗುರುತಿಗೆ ಬಾಣದ ಗುರುತು ಕೂಡಿಸದೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಮೆಕ್ಯಾನಿಕ್ಕುಗಳ ಮೇಲೆ ಶಾಫ್ಟಣ್ಣನಿಗಿರುವ ಸಿಟ್ಟು, ಭಾಗದಲ್ಲಿ ಮೋಸ ಮಾಡಿದ ದಾಯಾದಿಯ ಮೇಲೂ ಇಲ್ಲ. ಈ ಕ್ರಾಸ್ ಜಾಯಿಂಟಿಗೆ ಇಂಗ್ಲೆಂಡಿನ ರಾಬರ್ಟ್ ಹುಕ್‌ನ ಹೆಸರೂ ಇದೆ, ಅವನಿಗಿಂತ ನೂರು ವರ್ಷ ಹಿಂದಿನ ಇಟಲಿಯ ಕಾರ್ಡಾನೊನ ಹೆಸರೂ ಇದೆ ಎಂದು ನಾನು ಓದಿದ್ದನ್ನು ಹೇಳಿದೆ. "ಇರಬಹುದು. ಇಬ್ಬರೂ ಕೆಸರಲ್ಲಿ ಮಲಗಿ ಬಿಚ್ಚಿದವರಲ್ಲ" ಅಂದ.

ಮನೆಯೊಳಗಿನ ಅಭಿಪ್ರಾಯ ಬೇರೆ. ಮಿಕ್ಸಿಯ ಕೆಳಗಿನ ಕಪ್ಲರ್ ಹಲ್ಲು ಉದುರಿ ಬಹಳ ಕಾಲವಾಗಿ, ಚಟ್ನಿ ಒರಳುಕಲ್ಲಿಗೆ ಮರಳಿದೆ. "ಅದೂ ಶಾಫ್ಟೇ ಅಲ್ದಾ?" ಎಂದು ಅತ್ತಿಗೆ ಒಳಗಿನಿಂದ ಕೇಳಿದರೆ, "ಅದು ಪ್ಲಾಸ್ಟಿಕ್ಕು" ಎಂದು ಹೊರಗಿನಿಂದ ಉತ್ತರ. ಗಾಡಿ ಬಂದ ಮೇಲೆ ಆಳಿನ ಖರ್ಚು ಎಷ್ಟು ಉಳಿಯಿತೆಂಬ ಲೆಕ್ಕವನ್ನೂ ಅತ್ತಿಗೆಯೇ ಇಟ್ಟಿದ್ದಾರೆ. ಗೊಬ್ಬರ ಹೊರಲು ಇಬ್ಬರು ಬೇಕಿತ್ತು. ಕೆಸರಲ್ಲಿ ಹೂತ ಗಾಡಿ ಎತ್ತಲು ನಾಲ್ವರು ಬೇಕು.

ಕಾನೂನಿಗೂ ಈ ಗಾಡಿ ಒಗ್ಗುವುದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಟಿಗೆ ಅಡ್ಡ ನಿಲ್ಲುತ್ತದೆ. ಕಂಪನಿಯವರು ಕೊಟ್ಟ ರೂಪವನ್ನು ಬದಲಿಸಕೂಡದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಅಂಗವಿಕಲರಿಗಾಗಿ ಒಪ್ಪಿಗೆ ಪಡೆದು ಗಾಲಿ ಕೂಡಿಸಿದ ಸ್ಕೂಟರಿನ ಮಾತು ಬೇರೆ. ಶಾಫ್ಟಣ್ಣನ ವಾದ ಚಿಕ್ಕದು: "ನಮ್ಮ ಗಾಡಿ ದಣಪೆ ದಾಟೋದಿಲ್ಲ."

ದಾಟಿತು. ಗಬ್ಬದ ದನಕ್ಕೆ ಹಿಂಡಿ ತೀರಿತ್ತು, ಬಸ್ಸು ಹೋಗಿಯಾಗಿತ್ತು, ರಿಪ್ಪನ್‌ಪೇಟೆ ದಾರಿಯ ತಿರುವಿನಲ್ಲಿ ಪೊಲೀಸ್ ಜೀಪು ನಿಂತಿತ್ತು.

"ಎಂತದ್ರೀ ಇದು?"

"ಮುಂದಿನ ಅರ್ಧಕ್ಕೆ ಆರ್‌ಸಿ ಇದೆ ಸಾರ್. ಹಿಂದಿನ ಅರ್ಧಕ್ಕೆ ಹಿಂದೆ ಪರ್ಮಿಟ್ ಇತ್ತು."

ಪೇದೆ ಪುಸ್ತಕ ತೆಗೆದು ಪೆನ್ನಿನ ಕ್ಯಾಪು ಬಿಚ್ಚಿದ. ಗಾಡಿಯನ್ನು ಠಾಣೆಗೆ ಎಳೆದುಕೊಂಡು ಹೋಗೋಣವೆಂದು ಡ್ರೈವರ್ ಜೀಪನ್ನು ಹಿಂದಕ್ಕೆ ತೆಗೆದ. ಟಣ್ ಎಂದಿತು. ಶಾಫ್ಟಣ್ಣ ಕತ್ತು ಓರೆ ಮಾಡಿದ. "ಇನ್ನೊಂದ್ಸಲ ರಿವರ್ಸ್ ಹಾಕಿ ಸಾರ್... ಹ್ಞಾ. ಮುಂದಿನ ಕ್ರಾಸು. ಘಾಟಿಯಲ್ಲಿ ಶಾಫ್ಟ್ ಕಳಚಿ ರಸ್ತೆಗೆ ಕುಟ್ಟಿಕೊಂಡ್ರೆ ಜೀಪು ಪಲ್ಟಿನೇ. ಗ್ರೀಸ್ ಯಾವಾಗ ಹೊಡೆಸಿದ್ರಿ?" ಡ್ರೈವರ್ ಪೇದೆಯ ಮುಖ ನೋಡಿದ, ಪೇದೆ ಡ್ರೈವರನ ಮುಖ ನೋಡಿದ. ಅಷ್ಟರಲ್ಲಿ ಲುಂಗಿ ಎತ್ತಿ ಕಟ್ಟಿ, ಹಿಂಡಿಯ ಖಾಲಿ ಚೀಲ ಹಾಸಿ, ಶಾಫ್ಟಣ್ಣ ಜೀಪಿನ ಕೆಳಗೆ ಸೊಂಟದವರೆಗೆ ಹೋಗಿಯಾಗಿತ್ತು. ಕೆಳಗಿನಿಂದ ಕೈಯೊಂದೇ ಹೊರಗೆ ಬಂತು, ಅದರಲ್ಲಿ ಟಾರ್ಚು.

"ಹಿಡ್ಕೊಳ್ಳಿ ಸಾರ್. ಸ್ವಲ್ಪ ಎಡಕ್ಕೆ... ಅಲ್ಲ ಅಲ್ಲ, ನನ್ನ ಎಡ."