ಪೆನಾಂಗ್ ತೀರಾವತರಣ ಮೀಮಾಂಸೆ

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳಿರಲೇಬೇಕು. ಇಲ್ಲಿ ವಿಷಯ: ಸಿಂಗಪುರದಿಂದ ಹೊರಟ ವಿಹಾರನೌಕೆ ಮಲೇಷಿಯಾದ ಪೆನಾಂಗ್ ದ್ವೀಪದಲ್ಲಿ ಸ್ವೆಟೆನ್‌ಹ್ಯಾಮ್ ಧಕ್ಕೆಗೆ ತಾಗಿ ನಿಂತ ಒಂದು ಹಗಲು. ಅಧಿಕಾರಿ: ಕ್ಯಾಬಿನ್ ಕಾರ್ಡನ್ನು ಕೊರಳಿಗೆ ತೂಗುಹಾಕಿಕೊಂಡವನು. ಸಂಬಂಧ: ಆ ಕಾರ್ಡಿಗೂ ಅವನ ಪ್ರಾಣಕ್ಕೂ ಇರುವಂಥದು. ಪ್ರಯೋಜನವನ್ನು ಇನ್ನೂ ಹುಡುಕುತ್ತಿದ್ದೇವೆ.

ಮೊದಲು ಲಕ್ಷಣ. ದ್ವೀಪವೆಂದರೆ ನಮ್ಮ ಹಡಗನ್ನು ದೂರದಿಂದ ನೋಡಲು ಅನುಕೂಲವಾಗುವಂತೆ ಸುತ್ತಲೂ ನೀರು ಬಿಟ್ಟುಕೊಂಡ ಭೂಭಾಗ. ಈ ಲಕ್ಷಣಕ್ಕೆ ಅವ್ಯಾಪ್ತಿ ದೋಷ ಹೇಳುವವರಿದ್ದಾರೆ: ಒಳಗಲ್ಲಿಗಳಲ್ಲಿ ಹಡಗು ಕಾಣುವುದಿಲ್ಲವಲ್ಲ? ನಿಜ. ಆದರೆ ಹಡಗು ಮರೆಯಾದ ಕೂಡಲೇ ಯಾತ್ರಿಕನ ಎದೆ ಡವಡವ ಎನ್ನುತ್ತದೆ, ಅವನು ನಾಲ್ಕು ಹೆಜ್ಜೆ ಹಿಂದಕ್ಕೆ ಬರುತ್ತಾನೆ, ಹಡಗು ಕಾಣುತ್ತದೆ. ದೋಷ ಪರಿಹಾರವಾಯಿತು.

ಪೂರ್ವಪಕ್ಷಿ ಸುಮ್ಮನಿರುವುದಿಲ್ಲ. ದ್ವೀಪಕ್ಕೆ ತನ್ನದೇ ಚರಿತ್ರೆಯಿದೆ ಎನ್ನುತ್ತಾನೆ. 1786ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಫ್ರಾನ್ಸಿಸ್ ಲೈಟ್ ಇಲ್ಲಿ ಇಳಿದ. ಅವನು ಕಟ್ಟಿದ ಜಾರ್ಜ್ ಟೌನ್ 2008ರಿಂದ ಯುನೆಸ್ಕೊ ಪರಂಪರೆಯ ಪಟ್ಟಿಯಲ್ಲಿದೆ. ದಟ್ಟ ಕಾಡು ಕಡಿಯಲು ಕೂಲಿಗಳು ಹಿಂಜರಿದಾಗ ಲೈಟ್ ಮಹಾಶಯ ಫಿರಂಗಿಗೆ ಬೆಳ್ಳಿ ನಾಣ್ಯ ತುಂಬಿ ಕಾಡಿನೊಳಕ್ಕೆ ಹಾರಿಸಿದನಂತೆ, ಹೆಕ್ಕುವ ಆಸೆಗೆ ಅವರು ಕಾಡನ್ನೇ ಸವರಿಹಾಕಿದರಂತೆ. ಕಟ್ಟುಕತೆಯೇ ಇರಲಿ, ಪೆನಾಂಗಿನ ನೆಲದ ಮೇಲೆ ಹಣ ಚೆಲ್ಲುವ ಸಂಪ್ರದಾಯಕ್ಕೆ ಮೂಲಪುರುಷ ಅವನೇ. ಇಂದಿನ ಯಾತ್ರಿಕರು ಫಿರಂಗಿಯ ಬದಲು ಕಾರ್ಡ್ ಬಳಸುತ್ತಾರೆ.

ಧಕ್ಕೆಯಿಂದ ಕೂಗಳತೆಯಲ್ಲಿರುವ ಕೋಟೆಗೆ ಕಾರ್ನ್‌ವಾಲಿಸನ ಹೆಸರು. ಇವನು ಬೇರೆ ಯಾರೂ ಅಲ್ಲ, 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, ಮರುವರ್ಷ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದವನು. ಅವನ ಹೆಸರಿನ ಈ ಕೋಟೆಯೋ, ಒಂದು ಯುದ್ಧವನ್ನೂ ಕಂಡದ್ದಲ್ಲ. ಬೆಂಗಳೂರಿನ ಯಾತ್ರಿಕರು ಪ್ರವೇಶದರದ ಫಲಕದ ಮುಂದೆ ನಿಂತು, ರಿಂಗಿಟ್ಟನ್ನು ಇಪ್ಪತ್ತರಿಂದ ಗುಣಿಸಿ, “ನಮ್ಮ ಕೋಟೆ ಕಿತ್ಕೊಂಡಿದ್ದು ಸಾಲದೂಂತ ಇವನಿಗೆ ದುಡ್ಡು ಬೇರೆ ಕೊಡಬೇಕಾ?” ಎಂದು ಹೊರಗಿನಿಂದಲೇ ಫೋಟೊ ಹೊಡೆದುಕೊಂಡು ಹೊರಟುಬಿಡುತ್ತಾರೆ. ಇತಿಹಾಸಕಾರರು ಇದನ್ನು ಐದನೆಯ ಮೈಸೂರು ಯುದ್ಧವೆಂದು ಪರಿಗಣಿಸತಕ್ಕದ್ದು.

ಆಹಾರ ಪ್ರಕರಣದಲ್ಲಿ ಮತಭೇದ ವಿಪರೀತ. ಹಡಗಿನ ಬಫೆಗೆ ಮೊದಲೇ ಹಣ ಕಟ್ಟಿಯಾಗಿದೆ, ಆದ್ದರಿಂದ ಹೊರಗೆ ತಿಂದ ಪ್ರತಿ ತುತ್ತೂ ಎರಡು ಸಲ ಕೊಂಡಂತೆ, ಊಟಕ್ಕೆ ಹಡಗಿಗೇ ಮರಳಬೇಕು ಎಂಬುದು ಜಯನಗರ ಶಾಖೆಯವರ ವಾದ. ಮಲ್ಲೇಶ್ವರ ಶಾಖೆಯವರು ಲಿಟಲ್ ಇಂಡಿಯಾಕ್ಕೆ ನಡೆದು, 1833ರ ಮಹಾಮಾರಿಯಮ್ಮನ ಗುಡಿಯಲ್ಲಿ ಕೈಮುಗಿದು, ಪಕ್ಕದ ಬೀದಿಯಲ್ಲಿ ಇಡ್ಲಿ ತರಿಸಿ, ಸಾಂಬಾರಿಗೆ ಬೆಲ್ಲ ಬಿದ್ದಿಲ್ಲವೆಂದು ಆಕ್ಷೇಪಿಸುತ್ತಾರೆ. ಕಡಲು ದಾಟಿ ಬಂದು ಮಾಡಬೇಕಾದ ಆಕ್ಷೇಪವೇ ಇದು ಎಂದು ಕೇಳಬಾರದು; ಸಂಪ್ರದಾಯ.

ಅಲ್ಪಸಂಖ್ಯಾತರ ಮೂರನೆಯ ಶಾಖೆಯೊಂದಿದೆ. ಅವರು ಪೆನಾಂಗ್ ರಸ್ತೆಯ ಪಕ್ಕದ ಗಲ್ಲಿಯಲ್ಲಿ ಚೆಂಡೋಲ್‌ಗೆ ಸಾಲು ನಿಲ್ಲುತ್ತಾರೆ. ಪಂಡನ್ ಎಲೆಯ ಹಸಿರು ಹತ್ತಿದ ಅಕ್ಕಿಹಿಟ್ಟಿನ ಎಳೆ, ಮೇಲೆ ತುರಿದ ಮಂಜುಗಡ್ಡೆ, ಕಾಯಿಹಾಲು, ಕಪ್ಪಗಿನ ತಾಳೆಬೆಲ್ಲದ ಪಾಕ. ನಮ್ಮ ಕಾಯಿಹಾಲು ಶಾವಿಗೆಯೇ ಚಳಿಗೆ ಸಿಕ್ಕಿಬಿದ್ದಂತೆ ಎಂದುಕೊಳ್ಳುವಷ್ಟರಲ್ಲಿ ತಳದಿಂದ ಕೆಂಪು ಹುರುಳಿಕಾಯಿ ಬೀಜ ತೇಲಿ ಬಂದು ಉಪಮಾನವನ್ನು ಕೆಡಿಸುತ್ತದೆ. ಗ್ರಂಥಕರ್ತನು ಈ ಶಾಖೆಗೆ ಸೇರಿದವನು, ಪಕ್ಷಪಾತವಿದ್ದರೆ ಓದುಗರು ಮನ್ನಿಸಲಿ.

ಇನ್ನು ಕಾಲ ಪ್ರಕರಣ. ಧಕ್ಕೆಯ ಹತ್ತಿರ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಅರವತ್ತು ವರ್ಷಕ್ಕೆ ಅರವತ್ತು ಅಡಿ ಎತ್ತರದ ಗಡಿಯಾರ ಗೋಪುರವಿದೆ. ಕಟ್ಟಿ ಮುಗಿಸಿದ್ದು 1902ರಲ್ಲಿ. ರಾಣಿ ಹಿಂದಿನ ವರ್ಷವೇ ತೀರಿಹೋಗಿದ್ದಳು. ಹೊತ್ತು ಮೀರುವುದು ಈ ಧಕ್ಕೆಯ ಸ್ಥಳಮಹಿಮೆಯೆಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಡ. ಎರಡನೆಯ ಮಹಾಯುದ್ಧದ ಬಾಂಬುಗಳಿಂದ ಗೋಪುರ ಕೊಂಚ ವಾಲಿದೆ ಎನ್ನುತ್ತಾರೆ. ಹಡಗು ಹೊರಟಿತೋ ಹೇಗೆ ಎಂದು ಇಣುಕುತ್ತಿದೆಯೆಂಬುದು ನಮ್ಮ ಮತ.

ಸಿಂಗಪುರಕ್ಕೂ ಪೆನಾಂಗಿಗೂ ಒಂದೇ ಕಾಲಮಾನ, ಗೊಂದಲಕ್ಕೆ ಎಡೆಯೇ ಇಲ್ಲ. ಎಡೆ ಮಾಡಿಕೊಳ್ಳಬೇಕಷ್ಟೆ. ಎಲ್ಲರೂ ನಾಲ್ಕೂವರೆಗೆ ಹಡಗಿನಲ್ಲಿರತಕ್ಕದ್ದೆಂದು ಕಟ್ಟಪ್ಪಣೆಯಾಗಿದ್ದ ದಿನ, ಚೆಂಡೋಲ್ ಬಟ್ಟಲು ಹಿಡಿದಿದ್ದ ಯಜಮಾನರೊಬ್ಬರು ಕೈಗಡಿಯಾರ ನೋಡಿ, “ಈಗಿನ್ನೂ ಒಂದೂಕಾಲು ಕಣೇ, ಇನ್ನೊಂದು ತಗೋ” ಎಂದರು.

“ರೀ, ಆ ವಾಚು ನಮ್ಮೂರಿಂದು!”

ಇಲ್ಲಿನ ಸೈಕಲ್ ರಿಕ್ಷಾದಲ್ಲಿ ತುಳಿಯುವವನು ಹಿಂದೆ, ಕುಳಿತವರು ಮುಂದೆ. ಎದುರಾದ ಲಾರಿಗಳನ್ನೆಲ್ಲ ಮೊದಲು ತಾವೇ ಎದುರಿಸುತ್ತ ದಂಪತಿಗಳು ಧಕ್ಕೆ ತಲುಪಿದಾಗ ಮೇಲಿನ ಡೆಕ್ಕಿನ ಕಟಕಟೆಗೆ ಒರಗಿದ್ದ ಜನ ಶಿಳ್ಳೆ ಹೊಡೆಯುತ್ತ ಮೊಬೈಲ್ ಹಿಡಿದಿದ್ದರು. ಸ್ವಾಗತವೆಂದು ಭಾವಿಸಿ ಯಜಮಾನರು ಕೈಬೀಸಿದರು. ಏದುಸಿರು ಬಿಡುತ್ತ ಏಣಿ ಹತ್ತಿ, ಕಾರ್ಡ್ ತೋರಿಸಿ, ಮತ್ತೆ ಅದೇ ಕೈಗಡಿಯಾರ ನೋಡಿದರು.

“ಎರಡಕ್ಕೆ ಐದು ನಿಮಿಷ. ನಡಿ, ಬಫೆ ಇನ್ನೂ ಮುಚ್ಚಿರಲ್ಲ.”