ನಾಯಿ ಕೊಟ್ಟ ರಾಯರು

ಬೆಂಗಳೂರಿನ ಯಾವ ದೊಡ್ಡ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬರಾದರೂ ನಾಯಿ ಕೊಟ್ಟ ರಾಯರು ಸಿಗುತ್ತಾರೆ. ಮಕ್ಕಳ ಹಟಕ್ಕೆ ಲ್ಯಾಬ್ರಡಾರ್ ಮರಿ ತಂದವರು, ಅದಕ್ಕೆ ಬ್ರೂನೋ ಎಂದು ಹೆಸರಿಟ್ಟವರು, ತಮ್ಮತಮ್ಮಲ್ಲಿ ಕನ್ನಡದಲ್ಲೇ ಜಗಳವಾಡಿದರೂ ನಾಯಿಯ ಜೊತೆ ಮಾತ್ರ ಇಂಗ್ಲಿಷ್ ಮಾತಾಡಿದವರು. ಮಕ್ಕಳು ಕೋಚಿಂಗ್ ಕ್ಲಾಸಿಗೆ ಹೊರಟ ವರ್ಷ ಅದನ್ನು ಕನಕಪುರ ರಸ್ತೆಯಾಚೆಯ ಪರಿಚಯದವರ ತೋಟಕ್ಕೆ ಕಳಿಸಿ, 'ಅಲ್ಲಿ ಓಡಾಡೋಕೆ ಜಾಗ ಇದೆ, ಖುಷಿಯಾಗಿರತ್ತೆ' ಎಂದು ಸಮಾಧಾನ ಮಾಡಿಕೊಂಡವರು. ನಾಯಿ ಅಲ್ಲಿ ಕನ್ನಡ ಕಲಿತದ್ದಂತೂ ನಿಜ. ಈಗ ತೋಟದಿಂದ ಫೋನು ಬಂದಿದೆ: ಬ್ರೂನೋ ಹಿಂಗಾಲು ಎಳೆಯುತ್ತಿದೆ, ಕೂತರೆ ಏಳೋಕಾಗ್ತಿಲ್ಲ, ವಾಪಸ್ ಕರ್ಕೊಂಡು ಹೋಗ್ತೀರಾ ಸಾರ್? ಅಂದಿನಿಂದ ರಾಯರು ಗಾಢ ಯೋಚನೆಯಲ್ಲಿದ್ದಾರೆ. ಯೋಚಿಸುವುದು ತಪ್ಪಲ್ಲ. ಆದರೆ ಅವರ ಯೋಚನೆಯಲ್ಲಿ ನಾಯಿಯ ಸೊಂಟವೊಂದನ್ನು ಬಿಟ್ಟು ಮಿಕ್ಕೆಲ್ಲವೂ ಇದೆ, ಅದೇ ನನ್ನ ತಕರಾರು.

ರಾಯರು ಸಲಹೆ ಕೇಳಿದವರ ಪಟ್ಟಿಯನ್ನೇ ನೋಡಿ. ಬೆಳಗಿನ ವಾಕಿಂಗ್ ಗೆಳೆಯರು, ವಾಸ್ತು ಬಲ್ಲ ಷಡ್ಡಕ, ಅಮೆರಿಕದಲ್ಲಿರುವ ಮಗಳು, ಮನೆತನದ ವಾಟ್ಸಾಪ್ ಬಳಗ. ಇವರಲ್ಲಿ ಎಂದೂ ನಾಯಿ ಸಾಕದವರದ್ದೇ ಅತ್ಯಂತ ಖಚಿತ ಅಭಿಪ್ರಾಯ. ಪಟ್ಟಿಯಲ್ಲಿ ಇಲ್ಲದವರು ಪಶುವೈದ್ಯರು. ಇದೇ ರಾಯರಿಗೆ ಕಳೆದ ವರ್ಷ ಮಂಡಿ ನೋವು ಬಂದಾಗ ಬಳಗದ ಅಭಿಪ್ರಾಯ ಕೇಳಲಿಲ್ಲ. ನೇರ ಮೂಳೆ ಡಾಕ್ಟರ ಹತ್ತಿರ ಹೋಗಿ ಎಕ್ಸ್‌ರೇ ಸಾಲದೆಂದು ಎಂಆರ್‌ಐ ಮಾಡಿಸಿಕೊಂಡರು. ಅಲ್ಲಿ ಕೊಟ್ಟ ಮಾತ್ರೆಗಳಲ್ಲಿ ಮಿಕ್ಕಿದ್ದನ್ನು ಈಗ 'ಅರ್ಧರ್ಧ ಕೊಡಿ' ಎಂದು ತೋಟಕ್ಕೆ ಕಳಿಸುವ ಉದಾರ ಯೋಚನೆಯೂ ಇದೆ. ಅದು ಐಬುಪ್ರೊಫೆನ್ ಆಗಿದ್ದರೆ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ರಾಯರ ಉದಾರತೆ ಇಲ್ಲಿಗೇ ನಿಲ್ಲುವುದು ಒಳ್ಳೆಯದು.

ರಾಯರ ಮುಖ್ಯ ವಾದ, 'ಕೊಟ್ಟಾದ ಮೇಲೆ ಅದು ಅವರ ನಾಯಿ, ಅಲ್ಲಿ ಹೋಗಿ ಕೆಟ್ಟಿದೆ' ಎಂಬುದು. ಎಕ್ಸ್‌ರೇ ತೆಗೆಸಿದರೆ ಈ ವಾದ ನಿಲ್ಲುವುದು ಕಷ್ಟ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳ ಹಿಂಗಾಲು ಎಳೆತಕ್ಕೆ ಹಲವು ಕಾರಣಗಳಿದ್ದರೂ ಪದೇ ಪದೇ ಕಾಣುವುದು ಹಿಪ್ ಡಿಸ್‌ಪ್ಲೇಸಿಯಾ. ಒರಳಲ್ಲಿ ಗುಂಡು ಕೂತಂತೆ ಸೊಂಟದ ಗುಳಿಯಲ್ಲಿ ತೊಡೆಮೂಳೆಯ ತಲೆ ಕೂರಬೇಕು. ಅದು ಸಡಿಲವಾಗಿ ಅಲುಗುತ್ತ ಅಲುಗುತ್ತ ಕೀಲು ಸವೆಯುತ್ತದೆ. ಈ ದೋಷ ಬಹುಮಟ್ಟಿಗೆ ವಂಶದಿಂದ ಬರುವಂಥದ್ದು. ಅಂದರೆ ರಾಯರು ಮುಂಗಡ ಕೊಟ್ಟು ತಂದ ದಿನವೇ ಅದು ಮರಿಯ ಜೊತೆ ಮನೆಯೊಳಗೆ ಬಂದಿತ್ತು. ಮಾರುವವನ ಹತ್ತಿರ ಬಣ್ಣ ಕೇಳಿದರು, ಬೆಲೆ ಚೌಕಾಸಿ ಮಾಡಿದರು. ತಂದೆತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ಇದೆಯೇ ಎಂದು ಕೇಳಲಿಲ್ಲ. ಆಮೇಲೆ ಜಾರುವ ವಿಟ್ರಿಫೈಡ್ ನೆಲದ ಮೇಲೆ ಮರಿಯನ್ನು ಓಡಿಸಿದರು, ಮುದ್ದು ಬಂದಾಗಲೆಲ್ಲ ತುಪ್ಪದ ಚಪಾತಿ ಹಾಕಿದರು. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿ ನಡೆಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಜೊತೆಯವಕ್ಕಿಂತ ಶೇ 25ರಷ್ಟು ಕಡಿಮೆ ತಿಂದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಕೀಲಿನ ತೊಂದರೆಯೂ ಅವಕ್ಕೆ ತಡವಾಗಿ ಬಂತು. ಇಷ್ಟೆಲ್ಲ ತಿಳಿದ ಮೇಲೆ ತೋಟದವರನ್ನು ದೂರಲು ಬಹಳ ಧೈರ್ಯ ಬೇಕು. ರಾಯರಿಗೆ ಅದಿದೆ.

'ಪಾಪ, ಅಲ್ಲಿಗೆ ಹೊಂದಿಕೊಂಡಿದೆ, ಮತ್ತೆ ಜಾಗ ಬದಲಿಸಿದರೆ ಮನಸ್ಸಿಗೆ ಪೆಟ್ಟಾಗುತ್ತದೆ' ಎಂಬ ಮಾತಿನಲ್ಲಿ ಹುರುಳಿದೆ. ತೋಟದವರು ಇಟ್ಟುಕೊಳ್ಳಲು ಒಪ್ಪಿದ್ದರೆ ನಾನೂ ಅಲ್ಲೇ ಇರಲಿ, ಬಿಲ್ಲು ಮಾತ್ರ ರಾಯರಿಗೆ ಬರಲಿ ಎನ್ನುತ್ತಿದ್ದೆ. ಆದರೆ ಫೋನು ಮಾಡಿದವರೇ ಅವರು. ಬೇಡವೆನ್ನುವ ಮನೆಯಲ್ಲಿ ನೋವಿನ ನಾಯಿ ಹೊಂದಿಕೊಂಡಿದೆ ಎಂಬುದು ನಾಯಿಯ ಮನಸ್ಸಲ್ಲ, ರಾಯರದ್ದು. 'ಮೂರನೇ ಮಹಡಿ, ಅಸೋಸಿಯೇಷನ್ ಒಪ್ಪಲ್ಲ' ಎಂಬುದು ಇನ್ನೂ ಬಡಪಾಯಿ ವಾದ; ಸಾಕುನಾಯಿಯನ್ನು ಲಿಫ್ಟಿಗೆ ಹತ್ತಿಸಬಾರದೆಂದು ಅಸೋಸಿಯೇಷನ್‌ಗಳು ಹೇಳುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿಯೇ ಇದೆ. ಕಾನೂನಿನ ಭಯ ರಾಯರಿಗಿಲ್ಲ, ಇರಬೇಕಾಗಿಯೂ ಇಲ್ಲ: ಹಸಿವು ಬಾಯಾರಿಕೆಗೆ ಸಿಕ್ಕುವಂತೆ ಪ್ರಾಣಿಯನ್ನು ತೊರೆದವರಿಗೇ 1960ರ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ರಾಯರ ಲೆಕ್ಕ ಆ ಕಲಮಿಗೆ ಬರುವುದೇ ಇಲ್ಲ.

ಉಳಿದದ್ದು ಖರ್ಚು. ಇದು ನೆಪವಲ್ಲ, ನಿಜವಾದ ಪ್ರಶ್ನೆ. ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಎಲ್ಲರ ಕೈಗೆಟಕುವುದಲ್ಲ. ಆದರೆ ಹೆಚ್ಚಿನ ನಾಯಿಗಳಿಗೆ ವೈದ್ಯರು ಮೊದಲು ಹೇಳುವುದು ಅಷ್ಟು ದೂರದ್ದಲ್ಲ: ತೂಕ ಇಳಿಸಿ, ಸ್ವಲ್ಪ ಸ್ವಲ್ಪ ನಡೆಸಿ, ಜಿಗಿಯಲು ಬಿಡಬೇಡಿ, ಜಾರದ ಹಾಸು ಹಾಕಿ, ನಾವು ಬರೆದುಕೊಟ್ಟ ನೋವಿನ ಮಾತ್ರೆಯನ್ನಷ್ಟೇ ಕೊಡಿ. ರಾಯರ ಮಂಡಿ ಡಾಕ್ಟರೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಮನೆಯಲ್ಲಿ ಇಬ್ಬರಿಗೂ ಒಂದೇ ಪಥ್ಯ ನಡೆಯುತ್ತದೆ, ತುಪ್ಪದ ಖರ್ಚೂ ಉಳಿಯುತ್ತದೆ. ಆದ್ದರಿಂದ ನನ್ನ ತೀರ್ಪು, ರಾಯರು ನಾಯಿಯನ್ನು ಕರೆತರಬೇಕು. ಬರುವ ದಾರಿಯಲ್ಲೇ ಎಕ್ಸ್‌ರೇ ಮಾಡಿಸಬೇಕು. ನಿಮ್ಮ ಅಪಾರ್ಟ್‌ಮೆಂಟಿನ ರಾಯರು ಅಭಿಪ್ರಾಯ ಕೇಳಿಕೊಂಡು ಬಂದರೆ ದಯವಿಟ್ಟು ಕೊಡಬೇಡಿ. ಕಾರಿನ ಹಿಂದಿನ ಸೀಟಿಗೆ ಹಾಸಲು ಒಂದು ಹಳೇ ಜಮಖಾನ ಕೊಡಿ.